ತಡವಾಗಿ ಬಂದ ಪ್ರಾಜೆಕ್ಟು, ಬಾರದೇ ಉಳಿದ ಮಕ್ಕಳು: ನೀವೆಲ್ಲ ಏನು ಮಾಡ್ತೀರಿ?

ಡೊಂಬಿವಲಿ ಅಕೌಂಟ್ಸ್ ಟೀಚರ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಇಲ್ಲಿ ಕಾಲೇಜಿನಲ್ಲಿ ಪಾಠ ಮಾಡುವವರು ಕೆಲವರಿದ್ದೀರಿ ಅಂತ ಗೊತ್ತು. ಅದಕ್ಕೇ ಕೇಳುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ಕ್ಷಮಿಸಿ.

ನಾನು ಮುಂಬೈ ಲೋಕಲ್ ಟ್ರೇನಿನ ಸೆಂಟ್ರಲ್ ಲೈನಿನ ಒಂದು ಕಾಮರ್ಸ್ ಕಾಲೇಜಿನಲ್ಲಿ ಅಕೌಂಟ್ಸ್ ಹೇಳಿಕೊಡುತ್ತೇನೆ. ಇದು ಮೂರನೇ ವರ್ಷ. ಸಿಎಚ್‌ಬಿ, ಅಂದರೆ ಗಂಟೆ ಲೆಕ್ಕದ ಸಂಬಳ. ಪಾಠ ಮಾಡಿದ ಗಂಟೆಗೆ ದುಡ್ಡು. ಮನೆಗೆ ಹೊತ್ತುಕೊಂಡು ಬಂದು ತಿದ್ದುವ ಪ್ರಾಜೆಕ್ಟಿಗೆ ಏನೂ ಇಲ್ಲ. ಅದು ಬೇರೆ ಕಥೆ, ಬಿಡಿ.

ಮೊದಲ ಲೆಕ್ಚರ್ ಬೆಳಿಗ್ಗೆ 7.10ಕ್ಕೆ. ನನ್ನ ಎಸ್‌ವೈ (ಎರಡನೇ ವರ್ಷದ) ಬಿಕಾಂ ಡಿವಿಷನ್‌ನಲ್ಲಿ 92 ಮಕ್ಕಳು. ಬದಲಾಪುರ, ಟಿಟ್ವಾಲಾ, ಕಲ್ವಾ, ಮುಂಬ್ರಾ, ಎಲ್ಲ ಕಡೆಯಿಂದ ಬರುತ್ತಾರೆ. 7.10ಕ್ಕೆ ಕ್ಲಾಸಿನಲ್ಲಿ 30 ಜನ ಇದ್ದರೆ ಹಬ್ಬ. 7.30ರ ಹೊತ್ತಿಗೆ 50 ಆಗುತ್ತಾರೆ. ಆ ಇಪ್ಪತ್ತು ನಿಮಿಷ ನಾನು ಬಾಗಿಲು ನೋಡುತ್ತಾ ಪಾಠ ಮಾಡುತ್ತೇನೆ.

ಈ ಸಲ ಇಂಟರ್ನಲ್ ಅಂಕಕ್ಕೆ ಒಂದು ಪ್ರಾಜೆಕ್ಟ್ ಕೊಟ್ಟೆ. ಮನೆ ಹತ್ತಿರದ ಒಂದು ಅಂಗಡಿ ಹಿಡಿಯಿರಿ, ಒಂದು ತಿಂಗಳ ಕ್ಯಾಶ್ ಬುಕ್ ಬರೆಯಿರಿ, ಕೊನೆಗೆ ಲಾಭ ನಷ್ಟದ ಲೆಕ್ಕ ತೋರಿಸಿ ಅಂತ. ಇಂಟರ್ನೆಟ್‌ನಿಂದ ಎತ್ತಿಕೊಂಡು ಬರಬಾರದು ಅನ್ನೋದು ನನ್ನ ಆಸೆ. ಗಣಪತಿ ಮುಗಿದ ಮೇಲಿನ ಎರಡನೇ ಶುಕ್ರವಾರ ಕೊನೆಯ ದಿನ. ಒಂದು ದಿನವೂ ತಡ ಮಾಡುವಂತಿಲ್ಲ ಅಂತ ಬೋರ್ಡ್ ಮೇಲೆ ಬರೆದೆ, ವಾಟ್ಸಾಪ್ ಗ್ರೂಪಿನಲ್ಲೂ ಹಾಕಿದೆ.

ಶುಕ್ರವಾರದ ಹೊತ್ತಿಗೆ 61 ಬಂದವು. 31 ಬರಲಿಲ್ಲ.

ಶನಿವಾರ ಬೆಳಗಾದದ್ದೇ ಫೋನು ಟಿಂಗ್ ಟಿಂಗ್. ಒಂದೇ ವಾರದಲ್ಲಿ ಮೂವರ ಅಜ್ಜಿಯಂದಿರು ತೀರಿಕೊಂಡಿದ್ದರು. ಒಬ್ಬನ ಲ್ಯಾಪ್‌ಟಾಪ್ ಕೆಟ್ಟಿತ್ತು. ಇನ್ನೊಬ್ಬ ಲೋಕಲ್ ಟ್ರೇನಿನ ಆ್ಯಪ್ ಎಂ-ಇಂಡಿಕೇಟರ್‌ನ ಚಾಟ್ ಸ್ಕ್ರೀನ್‌ಶಾಟ್ ಕಳಿಸಿದ, ಟ್ರೇನ್ ತಡ ಆಗಿದ್ದಕ್ಕೆ ಸಾಕ್ಷಿ ಅಂತೆ. ತೆರೆದು ನೋಡಿದರೆ ಅದು ಹಿಂದಿನ ತಿಂಗಳದ್ದು! ಒಂಬತ್ತು ಜನ ಶನಿವಾರವೇ ಮೇಲ್ ಮಾಡಿದರು. ನಾನು ಗಟ್ಟಿ ಮನಸ್ಸು ಮಾಡಿ ಒಂಬತ್ತನ್ನೂ ವಾಪಸ್ ಕಳಿಸಿದೆ.

ಮಂಗಳವಾರ ಒಬ್ಬ ಹುಡುಗ ಸ್ಟಾಫ್‌ರೂಮಿನ ಬಾಗಿಲಲ್ಲಿ ಬಂದು ನಿಂತ. ಅವನ ಮುಖ ನನಗೆ ಅಷ್ಟು ಪರಿಚಯ ಇಲ್ಲ, ಕ್ಲಾಸಿಗೆ ಬಂದರೆ ತಾನೇ. ಬೈಂದೂರು ಕಡೆಯವನು. ಘಾಟ್‌ಕೋಪರ್‌ನ ಒಂದು ಹೋಟೆಲಿನಲ್ಲಿ ಕೆಲಸ, ಅಲ್ಲೇ ಮೇಲಿನ ಅಟ್ಟದಲ್ಲಿ ಮಲಗುತ್ತಾನೆ. ರಾತ್ರಿ ಒಂದಕ್ಕೆ ಶಟರ್ ಇಳಿಯುತ್ತದೆ. ಕೈಯಲ್ಲಿ ಉದ್ದದ ಲೆಡ್ಜರ್ ನೋಟ್‌ಬುಕ್ಕು. ಅದೇ ಹೋಟೆಲಿನ ಲೆಕ್ಕ ಬರೆದಿದ್ದ. ಹಾಲಿನವನಿಗೆ ದಿನಕ್ಕೆಷ್ಟು, ತಿಂಗಳ ಬಾಕಿ ಎಷ್ಟು, ಒಡೆದ ಕಪ್ಪು ಬಸಿ ಯಾವ ಖಾತೆಗೆ ಹೋಗಬೇಕು, ಹುಡುಗರು ತಿನ್ನುವ ಎರಡು ಹೊತ್ತಿನ ಊಟ ಸಂಬಳದಲ್ಲಿ ಸೇರುತ್ತದಾ ಅಥವಾ ಬೇರೆ ಖರ್ಚಾ ಅಂತ ಕೊನೆಗೆ ನನಗೇ ಒಂದು ಪ್ರಶ್ನೆ ಬರೆದಿಟ್ಟಿದ್ದ. ಬಂದವುಗಳಲ್ಲಿ ಅಂಥ ಪ್ರಾಜೆಕ್ಟ್ ಇನ್ನೊಂದಿಲ್ಲ. ನಾನು ತಗೊಂಡೆ. 20ಕ್ಕೆ 17 ಹಾಕಿದೆ.

ಎರಡು ದಿನ ಬಿಟ್ಟು ಟಿಟ್ವಾಲಾದ ಒಬ್ಬ ಹುಡುಗಿ ಬಂದಳು. ಶುಕ್ರವಾರವೇ ಕೊಟ್ಟವಳು, 13 ಬಂದಿತ್ತು. ಜಗಳ ಮಾಡಲಿಲ್ಲ. ಮೆಲ್ಲಗೆ ಕೇಳಿದಳು: 'ಮಿಸ್, ನಾನೂ ನಾಲ್ಕು ದಿನ ಜಾಸ್ತಿ ತಗೊಂಡಿದ್ದರೆ ನನಗೂ 17 ಬರ್ತಿತ್ತಾ?'

ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಇನ್ನೂ ಒಂದು ಚುಚ್ಚುತ್ತಿದೆ. ಅವನು ನನ್ನ ಹತ್ತಿರ ಕುಂದಾಪುರದ ಕನ್ನಡದಲ್ಲಿ ಮಾತಾಡಿದ. ಅದಕ್ಕೇ ಬಿಟ್ಟೆನಾ? ಮರಾಠಿಯಲ್ಲೋ ಹಿಂದಿಯಲ್ಲೋ ಕೇಳಿದ್ದರೆ ಬಾಗಿಲಿಂದಲೇ ಕಳಿಸುತ್ತಿದ್ದೆನಾ?

ಹಾಜರಿಯದ್ದು ಇದಕ್ಕಿಂತ ಕಷ್ಟ. ಪರೀಕ್ಷೆಗೆ ಕೂರಲು 75% ಬೇಕು. ನಾಲ್ಕು ಕ್ರೆಡಿಟ್ ಅಂದರೆ ಕಾಗದದ ಮೇಲೆ 60 ಲೆಕ್ಚರ್. ಅಡ್ಮಿಷನ್ ತಡ, ಮಳೆ, ಹಬ್ಬ ಎಲ್ಲ ಕಳೆದು ನಾನು ತಗೊಂಡದ್ದು 48. ಅಂದರೆ 36 ಬೇಕು. ಈ ಹುಡುಗನದ್ದು 22. ಡಿಫಾಲ್ಟರ್ ಲಿಸ್ಟ್, ಅಂದರೆ ಹಾಜರಿ ಸಾಲದವರ ಪಟ್ಟಿ, ಬರುವ ವಾರ ಕೊಡಬೇಕು.

ನೀವು ಏನು ಮಾಡುತ್ತೀರಿ? 'ನಿಮ್ಮ ಮನಸ್ಸಾಕ್ಷಿ ಹೇಳಿದಂತೆ ಮಾಡಿ' ಅಂತ ಮಾತ್ರ ಹೇಳಬೇಡಿ. ಅದು ದಿನಕ್ಕೊಂದು ಹೇಳುತ್ತದೆ.


ಥಾಣೆ ಎಕ್ಸಾಮ್ ಕಮಿಟಿ

ಮೇಡಂ, 22 ವರ್ಷದಿಂದ ಎಕ್ಸಾಮ್ ಕಮಿಟಿಯಲ್ಲಿದ್ದೇನೆ. ನೇರವಾಗಿ ಹೇಳುತ್ತೇನೆ.

ಲಿಸ್ಟ್ ಕೊಟ್ಟುಬಿಡಿ. ಅವನ ಹೆಸರೂ ಇರಲಿ. ಹಾಜರಿ ಮಾಫಿ ಮಾಡುವುದು ನಿಮ್ಮ ಕೈಯಲ್ಲಿಲ್ಲ, ಅದು ಪ್ರಿನ್ಸಿಪಾಲರ ಕೆಲಸ. ಅವನಿಂದ ಅರ್ಜಿ ಬರೆಸಿ, ಹೋಟೆಲಿನವರಿಂದ ಲೆಟರ್‌ಹೆಡ್‌ನಲ್ಲಿ ಒಂದು ಪತ್ರ ತರಿಸಿ, ಅದರ ಮೇಲೆ ನಿಮ್ಮದು ಎರಡು ಸಾಲು ಶಿಫಾರಸು. ಅಷ್ಟು ಮಾಡಿ ಕೈ ತೊಳೆದುಕೊಳ್ಳಿ. ಪಾಪ ಅಂತ ರಿಜಿಸ್ಟರ್‌ನಲ್ಲಿ ಎ (ಆಬ್ಸೆಂಟ್) ಇದ್ದದ್ದನ್ನು ಪಿ (ಪ್ರೆಸೆಂಟ್) ಮಾಡಲು ಹೋಗಬೇಡಿ. ಸಿಎಚ್‌ಬಿಯವರು ನೀವು. ನಾಳೆ ಯಾರೋ ಪೋಷಕರು ರಿಜಿಸ್ಟರ್ ತೋರಿಸಿ ಅಂದರೆ ನಿಮ್ಮ ಬೆನ್ನಿಗೆ ಯಾರೂ ನಿಲ್ಲುವುದಿಲ್ಲ. ಪೆನ್ಸಿಲ್‌ನಲ್ಲಂತೂ ಹಾಜರಿ ಹಾಕಲೇಬೇಡಿ.

ಮಳೆ ದಿನದ ಬಗ್ಗೆ ಒಂದು ಮಾತು. ಹೊಸಬರು ಇದೊಂದು ತಪ್ಪು ಮಾಡುತ್ತಾರೆ. ಸಯನ್, ಕುರ್ಲಾದಲ್ಲಿ ಹಳಿ ಮೇಲೆ ನೀರು ನಿಂತು ಗಾಡಿ ನಿಂತಿರುತ್ತದೆ, ಕ್ಲಾಸಿಗೆ ಹತ್ತಿರದ 11 ಮಕ್ಕಳು ಬಂದಿರುತ್ತಾರೆ, ಇವರು ಪಾಠ ಮಾಡಿ ಹಾಜರಿ ತೆಗೆದುಬಿಡುತ್ತಾರೆ. ಆ ಲೆಕ್ಚರ್ ಎಲ್ಲರ ಲೆಕ್ಕಕ್ಕೂ ಸೇರಿತು. ಬರಲಾಗದ 81 ಜನರಿಗೂ ಒಂದು ಎ. ಅಂಥ ದಿನ ಆ 11 ಮಕ್ಕಳಿಗೆ ಡೌಟ್ಸ್ ಹೇಳಿಕೊಡಿ, ಲೆಕ್ಚರ್ ಅಂತ ತೋರಿಸಬೇಡಿ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಬಿದ್ದ ಮರುದಿನ ಹಾಜರಿ ತೆಗೆದ ಒಬ್ಬ ಮಹಾನುಭಾವರು ನನಗೆ ಗೊತ್ತು!

ಯಾರಾದರೂ ದೆಹಲಿ ಹೈಕೋರ್ಟ್ ತೀರ್ಪು ತೋರಿಸಿದರೆ ಗಾಬರಿ ಬೇಡ. ಹಾಜರಿ ಕಡಿಮೆ ಅನ್ನುವ ಕಾರಣಕ್ಕೆ ಪರೀಕ್ಷೆಗೆ ಕೂರಿಸದೆ ಇರಬಾರದು ಅಂತ 2025ರ ನವೆಂಬರ್‌ನಲ್ಲಿ ಹೇಳಿದ್ದು ಕಾನೂನು ಓದುವ ಮಕ್ಕಳ ವಿಷಯದಲ್ಲಿ. ನಮ್ಮ ಬಿಕಾಂಗೆ ಅದು ನೇರವಾಗಿ ಬರುವುದಿಲ್ಲ.

ಪ್ರಾಜೆಕ್ಟ್ ವಿಷಯ: ಒಬ್ಬನದ್ದು ತಗೊಂಡು ಒಂಬತ್ತು ಜನರದ್ದು ವಾಪಸ್ ಕಳಿಸಿದ್ದು ತಪ್ಪು. ಹುಡುಗಿ ಕೇಳಿದ್ದು ಸರಿಯಾಗೇ ಇದೆ.


ಪುಣೆ ಜರ್ನಲ್ ಸರ್

ನಮಸ್ಕಾರ ಮೇಡಂ ಅವರೇ. ನಾನು ಬೆಳಗಾವಿ ಕಡೆಯವನು, ಪುಣೆಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಹದಿನಾಲ್ಕು ವರ್ಷದಿಂದ ಇದ್ದೇನೆ. ತಡ ಸಬ್‌ಮಿಷನ್ ಅನ್ನೋದು ನಮ್ಮೂರಿನ ನಾಡಹಬ್ಬ ನೋಡ್ರಿ. ಸೆಮಿಸ್ಟರ್ ಪೂರ್ತಿ ಏನೂ ಇಲ್ಲ. ಕೊನೆ ವಾರ ಬಂತು ಅಂದರೆ ಹಾಸ್ಟೆಲಿನಲ್ಲಿ ಕುರ್ಚಿ ಮೇಲೆ ಗಾಜು ಇಟ್ಟು, ಕೆಳಗೆ ಲೈಟ್ ಹಚ್ಚಿ, ಗೆಳೆಯನ ಡ್ರಾಯಿಂಗ್ ಶೀಟನ್ನು ಗೆರೆ ಗೆರೆ ಎತ್ತುತ್ತಾರೆ. ಜಿಟಿ ಅಂತಾರೆ ಅದಕ್ಕೆ, ಗ್ಲಾಸ್ ಟ್ರೇಸಿಂಗ್. ನಾನೂ ಓದುವಾಗ ಮಾಡಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಅಲ್ಲಿಂದ ನಾನು ಕಲಿತದ್ದು ಏನೆಂದರೆ, ಕೊನೆ ದಿನಾಂಕ ಒಂದೇ ಇಟ್ಟರೆ ಕೆಲಸ ಅವತ್ತೇ ಶುರು ಆಗುತ್ತದೆ. ನಿಮ್ಮ ಪ್ರಾಜೆಕ್ಟನ್ನೇ ತಗೊಳ್ಳಿ. ಮೂರನೇ ವಾರ ಅಂಗಡಿ ಯಾವುದು ಅಂತ ಒಂದು ಸಾಲು ಬರೆದು ಕೊಡಲಿ. ಆರನೇ ವಾರ ಒಂದು ವಾರದ ಕ್ಯಾಶ್ ಬುಕ್ ಮಾತ್ರ ತೋರಿಸಲಿ. ನೀವು ತಿದ್ದಬೇಕಿಲ್ಲ, ಸಹಿ ಹಾಕಿ ತಾರೀಖು ಬರೆಯಿರಿ ಸಾಕು. ಮೂರನೇ ವಾರ ಅಂಗಡಿಯ ಹೆಸರನ್ನೇ ಕೊಡದವನು ಕೊನೆಗೂ ಕೊಡುವುದಿಲ್ಲ. ಅದು ನಿಮಗೆ ಎರಡು ತಿಂಗಳು ಮೊದಲೇ ಗೊತ್ತಾಗುತ್ತದಲ್ಲ?

ಎರಡನೆಯದು. ನಾನು ಕಾರಣ ಕೇಳುವುದನ್ನೇ ಬಿಟ್ಟಿದ್ದೇನೆ. ಸೆಮಿಸ್ಟರ್‌ಗೆ ಪ್ರತಿಯೊಬ್ಬರಿಗೂ ಮೂರು ದಿನದ ಸಿಎಲ್ ಕೊಡುತ್ತೇನೆ. ನಮ್ಮ ಕ್ಯಾಶುಯಲ್ ಲೀವ್ ಇದ್ದ ಹಾಗೆ, ಹೆಸರೇ ಸಿಎಲ್. ಮೂರು ದಿನ ತಡ ಮಾಡಿಕೋ, ಬಿಡಿಬಿಡಿಯಾಗಿ ಆಗಲಿ, ಒಟ್ಟಿಗೆ ಆಗಲಿ, ಯಾಕೆ ಅಂತ ಕೇಳಲ್ಲ. ಸಿಎಲ್ ಹಾಕುವಾಗ ನಾವೇನು ಅಜ್ಜಿಯ ಮರಣ ಪ್ರಮಾಣಪತ್ರ ಕೊಡ್ತೀವಾ? ನಮ್ಮ ಕಡೆ ಗಣಪತಿಗೆ ಮುಂಚೆ ಎರಡು ತಿಂಗಳು ಸಂಜೆ ಹುಡುಗ ಹುಡುಗಿಯರೆಲ್ಲ ಢೋಲ್ ತಾಶಾ ಪಥಕದ (ವಾದ್ಯದ ತಂಡದ) ಪ್ರಾಕ್ಟೀಸಿಗೆ ಹೋಗುತ್ತಾರೆ. ಮೊದಲು ಅದಕ್ಕೆ ಸುಳ್ಳು ಹೇಳುತ್ತಿದ್ದರು. ಒಬ್ಬನಿಗೆ ಮೂರು ಸಲ ಟೈಫಾಯಿಡ್ ಆಗಿತ್ತು, ಕೈಯಲ್ಲಿ ನೋಡಿದರೆ ಢೋಲ್ ಬಡಿದ ಗುಳ್ಳೆ. ಈಗ 'ಸರ್, ಎರಡು ಸಿಎಲ್' ಅಂತಾರೆ, ಮುಗೀತು.

ಮೊದಲ ವರ್ಷ ಒಂದು ತಮಾಷೆ ಆಯಿತು. ಸಿಎಲ್ ಮಾರಾಟ ಶುರುವಾಯಿತು. ಒಂದು ದಿನಕ್ಕೆ ಎರಡು ವಡಾಪಾವ್ ರೇಟು. ಈಗ ಒಬ್ಬರದ್ದು ಇನ್ನೊಬ್ಬರಿಗೆ ಕೊಡುವಂತಿಲ್ಲ.

ಸಿಎಲ್ ಮುಗಿದ ಮೇಲೆ ದಿನಕ್ಕೆ 1 ಅಂಕ ಕಡಿತ. ಆದರೆ ಕೆಲಸ ಪೂರ್ತಿ ಮಾಡಿದ್ದರೆ ಪಾಸ್ ಅಂಕಕ್ಕಿಂತ ಕೆಳಗೆ ಇಳಿಸುವುದಿಲ್ಲ. ನಿಮ್ಮಲ್ಲಿ ಇಂಟರ್ನಲ್ ಹೇಗೆ ಹಂಚಿದ್ದಾರೆ? ಸೊನ್ನೆ ಕೊಟ್ಟರೆ ಆ ಮಗು ಎಲ್ಲಿ ಬೀಳುತ್ತದೆ ಅಂತ ಲೆಕ್ಕ ಹಾಕಿದ್ದೀರಾ?


ಡೊಂಬಿವಲಿ ಅಕೌಂಟ್ಸ್ ಟೀಚರ್

ಥಾಣೆ ಸರ್, ಮಳೆಯ ಮಾತು ಕೇಳಿ ನಾಚಿಕೆಯಾಯಿತು. ಜುಲೈನಲ್ಲಿ ನಾನು ಅಂಥ ನಾಲ್ಕು ಲೆಕ್ಚರ್ ತಗೊಂಡಿದ್ದೇನೆ. ಗಂಟೆ ಸಿಗುತ್ತದಲ್ಲ ಅಂತ.

ಪುಣೆ ಸರ್, ಸಿಎಚ್‌ಬಿಯವರಿಗೆ ಸಿಎಲ್ ಇಲ್ಲ! ನನಗಿಲ್ಲದ್ದನ್ನು ಮಕ್ಕಳಿಗೆ ಕೊಡಬೇಕು ಅಂತೀರಿ. ಆಗಲಿ.

ಲೆಕ್ಕ ಹಾಕಿರಲಿಲ್ಲ, ಈಗ ಹಾಕಿದೆ. ಅಕೌಂಟ್ಸ್ ಟೀಚರ್ ಬೇರೆ. ನಮ್ಮಲ್ಲಿ ಇಂಟರ್ನಲ್ 40: ಟೆಸ್ಟ್ 20, ಪ್ರಾಜೆಕ್ಟ್ 20. ಪಾಸಾಗಲು 16. ಪ್ರಾಜೆಕ್ಟಿಗೆ ಸೊನ್ನೆ ಬಿದ್ದರೆ ಟೆಸ್ಟಿನಲ್ಲಿ 20ಕ್ಕೆ 16 ತೆಗೆಯಬೇಕು. ಇಡೀ ಕ್ಲಾಸಿನಲ್ಲಿ ಟೆಸ್ಟಿಗೆ 16 ದಾಟಿದವರು ಏಳು ಜನ. ನಾನು ವಾಪಸ್ ಕಳಿಸಿದ ಒಂಬತ್ತು ಮಕ್ಕಳಲ್ಲಿ ಆ ಏಳರಲ್ಲಿ ಇರುವವರು ಒಬ್ಬರೇ. ಅಂದರೆ ಉಳಿದ ಎಂಟು ಜನರಿಗೆ ಕೆಟಿ (ಫೇಲಾಗಿ ಮತ್ತೆ ಬರೆಯುವುದು) ಬರೆದಿಟ್ಟ ಹಾಗೆ. ಒಂದು ದಿನ ತಡ ಮಾಡಿದ್ದಕ್ಕೆ.

ಹೋಟೆಲಿನ ಹುಡುಗನಿಗೆ ಟೆಸ್ಟಿನಲ್ಲಿ 11. ನಿಮ್ಮ ಲೆಕ್ಕದಂತೆ, ಸಿಎಲ್ ಇಲ್ಲದೆ, ದಿನಕ್ಕೆ 1 ಕಳೆದರೆ ಅವನ ಪ್ರಾಜೆಕ್ಟಿಗೆ 13. ಆ ಹುಡುಗಿಗೆ ಬಂದದ್ದೂ 13. ಇದನ್ನು ನೋಡಿ ಸ್ವಲ್ಪ ಹೊತ್ತು ಸುಮ್ನೆ ಕೂತೆ.


ಮೀರಾ ರೋಡ್ ಟಿವೈ

ಹಾಯ್ ಮೇಡಂ. ನಾನು ಸ್ಟೂಡೆಂಟ್, ಟಿವೈ (ಮೂರನೇ ವರ್ಷ) ಬಿಕಾಂ, ನಿಮ್ಮ ಕಾಲೇಜ್ ಅಲ್ಲ. ನನ್ನ ಕನ್ನಡ ತಪ್ಪಿದ್ದರೆ ಬೇಜಾರು ಮಾಡ್ಕೋಬೇಡಿ. ಮನೆಯಲ್ಲಿ ತುಳು, ಶಾಲೆಯಲ್ಲಿ ಇಂಗ್ಲಿಷ್. ಕನ್ನಡ ಓದಲು ಬರೆಯಲು ಅಜ್ಜಿ ಕಲಿಸಿದ್ದು. (ಅಜ್ಜಿ ಚೆನ್ನಾಗಿದ್ದಾರೆ, ಯಾವ ಸಬ್‌ಮಿಷನ್‌ಗೂ ತೀರಿಕೊಂಡಿಲ್ಲ.)

ನಮ್ಮ ಕಡೆಯಿಂದ ಹೇಗೆ ಕಾಣುತ್ತದೆ ಅಂತ ಹೇಳುತ್ತೇನೆ. ಮೆಡಿಕಲ್ ಸರ್ಟಿಫಿಕೇಟ್ ಕೇಳಬೇಡಿ. ಸ್ಟೇಷನ್ ಹತ್ತಿರ 200 ರೂಪಾಯಿ ಕೊಟ್ಟರೆ ಯಾವ ಕಾಯಿಲೆ ಬೇಕಾದರೂ ಬರುತ್ತದೆ. 200 ರೂಪಾಯಿ ಇಲ್ಲದವನಿಗೆ ನಿಜವಾಗಿ ಜ್ವರ ಬಂದಿದ್ದರೂ ಸರ್ಟಿಫಿಕೇಟ್ ಇರಲ್ಲ. ಪ್ರಾಕ್ಸಿ, ಅಂದರೆ ಫ್ರೆಂಡ್ ಕೈಲಿ ತಮ್ಮ ಹಾಜರಿ ಹಾಕಿಸುವವರದ್ದು 80% ಇರುತ್ತದೆ, ಪ್ರಾಕ್ಸಿ ಹಾಕಲು ಫ್ರೆಂಡ್ ಇಲ್ಲದವನದ್ದು 40%. ನಿಮ್ಮ ಹುಡುಗನಿಗೆ 22 ಇದೆ ಅಂದರೆ ಅವನು ನಿಜವಾಗಿ 22 ಸಲ ಬಂದಿದ್ದಾನೆ ಅಂತ ನನಗನಿಸುತ್ತದೆ. ರಾತ್ರಿ ಒಂದಕ್ಕೆ ಶಟರ್ ಇಳಿಸಿ ಬೆಳಿಗ್ಗೆ 7.10ಕ್ಕೆ.

ನನ್ನದೇ ಒಂದು ವಿಷಯ. ಎಫ್‌ವೈನಲ್ಲಿ (ಮೊದಲ ವರ್ಷ) ಬಿಸಿನೆಸ್ ಕಮ್ಯುನಿಕೇಷನ್ ಅಸೈನ್‌ಮೆಂಟ್ ಒಂದು ದಿನ ತಡ ಆಯಿತು. ದೊಡ್ಡ ಕಾರಣ ಏನೂ ಇಲ್ಲ, ಬರೆಯಲಿಲ್ಲ ಅಷ್ಟೇ. ಮರುದಿನ ಬರೆದೆ. ಆದರೆ ಕೊಡಲು ಹೋಗಲು ಮುಜುಗರ. ಮಿಸ್ ಎಲ್ಲರ ಮುಂದೆ ಏನಾದರೂ ಹೇಳಿದರೆ? ಅವತ್ತು ಅವರ ಕ್ಲಾಸ್ ತಪ್ಪಿಸಿದೆ. ಆಮೇಲೆ ಕ್ಲಾಸ್ ತಪ್ಪಿಸಿದ್ದಕ್ಕೆ ಬೇರೆ ಮುಜುಗರ. ಹಾಗೇ ಹೋಗಿ ಹೋಗಿ ಐದು ವಾರ ಆ ಕ್ಲಾಸಿಗೇ ಹೋಗಲಿಲ್ಲ. ಬರೆದ ಅಸೈನ್‌ಮೆಂಟ್ ಐದು ವಾರವೂ ಬ್ಯಾಗಿನಲ್ಲೇ ಇತ್ತು. ವಾಟರ್ ಬಾಟಲ್ ಸೋರಿ ಮೂಲೆ ಒದ್ದೆಯಾಗಿತ್ತು. ಡಿಫಾಲ್ಟರ್ ಲಿಸ್ಟಿನಲ್ಲಿ ಹೆಸರು ಬಂತು, ಪಪ್ಪನನ್ನು ಕರೆಸಿದರು. ಪಪ್ಪ ಹೋಟೆಲ್ ಬಿಟ್ಟು ಬಂದು ಆಫೀಸಿನ ಹೊರಗೆ ಎರಡು ಗಂಟೆ ನಿಂತರು. ನನಗೆ ಯಾರೂ 'ಅಸೈನ್‌ಮೆಂಟ್ ಎಲ್ಲಿ' ಅಂತ ಕೇಳಲೇ ಇಲ್ಲ. ಕೇಳಿದ್ದರೆ ಬ್ಯಾಗಿನಿಂದ ತೆಗೆದು ಕೊಡುತ್ತಿದ್ದೆ.

ಇನ್ನೊಂದು, ಸಿಎ ಇಂಟರ್ ಎರಡೂ ಗ್ರೂಪ್ ಪಾಸಾಗಿ ಆರ್ಟಿಕಲ್‌ಶಿಪ್ (ಸಿಎ ಹತ್ತಿರ ಟ್ರೈನಿಂಗ್ ಕೆಲಸ) ಮಾಡುವವರು ನಮ್ಮ ಕ್ಲಾಸಿನಲ್ಲಿ 14 ಜನ ಇದ್ದಾರೆ. ಅವರು ಕಾಲೇಜಿಗೆ ಬರುವುದೇ ಇಲ್ಲ, ಅವರನ್ನು ಯಾರೂ ಕೇಳಲ್ಲ. 'ಸಿಎ ಮಾಡ್ತಿದ್ದಾನೆ' ಅಂತ ಸರ್‌ಗಳಿಗೆ ಹೆಮ್ಮೆ. ಹೋಟೆಲಿನಲ್ಲಿ ಕೆಲಸ ಮಾಡುವವನೂ ಕೆಲಸವನ್ನೇ ಮಾಡ್ತಿದ್ದಾನೆ ಅಲ್ವಾ?


ಮಾಟುಂಗಾ ಹಳೇ ಮೇಷ್ಟ್ರು

ತಾಯಿ, ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ನಾನು ನಿವೃತ್ತನಾಗಿ ಹದಿಮೂರು ವರ್ಷ ಆಯಿತು. ಈಗಿನ ಕ್ರೆಡಿಟ್ಟು ಗಿಡಿಟ್ಟು ನನಗೆ ತಿಳಿಯದು. ಪುಣೆಯವರು ಹೇಳಿದ್ದು ಚೆನ್ನಾಗಿದೆ, ಆದರೆ ಕಾರಣ ಕೇಳುವುದನ್ನೇ ಬಿಟ್ಟಿದ್ದೇನೆ ಅಂದರಲ್ಲ, ಅದು ನನಗೆ ಒಪ್ಪಿಗೆ ಇಲ್ಲ. ಯಾಕೆ ಅಂತ ಹೇಳಬೇಕಾದರೆ ನನ್ನ ಕಥೆಯನ್ನೇ ಹೇಳಬೇಕು.

ನಾನು ಬೊಂಬಾಯಿಗೆ ಬಂದದ್ದು 1966ರಲ್ಲಿ, ಹದಿನಾಲ್ಕನೇ ವಯಸ್ಸಿಗೆ. ಫೋರ್ಟ್‌ನ ಒಂದು ಹೋಟೆಲಿನಲ್ಲಿ ಮೊದಲು ಮೋರಿ ಕೆಲಸ, ಅಂದರೆ ಕಪ್ಪು ತೊಳೆಯುವುದು. ಆಮೇಲೆ ಟೇಬಲ್ ಒರೆಸುವುದು, ಆಮೇಲೆ ಸಪ್ಲಾಯರ್. ಸಂಜೆ ಅಲ್ಲೇ ಕನ್ನಡ ರಾತ್ರಿ ಶಾಲೆ. ನಮ್ಮ ಕಡೆಯ ಎಷ್ಟೋ ಹುಡುಗರು ಹಾಗೇ ಓದಿದವರು. ಶಾಲೆ ಶುರುವಾಗುವುದು ಆರೂವರೆಗೆ. ಆಫೀಸುಗಳು ಬಿಟ್ಟು ಜನ ಚಹಾಕ್ಕೆ ಬರುವುದೂ ಅದೇ ಹೊತ್ತಿಗೆ. ನಾನು ದಿನಾ ಏಳೂಕಾಲಿಗೆ ಹೋಗುತ್ತಿದ್ದೆ. ಹೆಡ್‌ಮೇಷ್ಟ್ರು ದಿನಾ ಕೇಳುತ್ತಿದ್ದರು, 'ತಡ ಯಾಕೋ?' ನಾನು ದಿನಾ ತಲೆ ತಗ್ಗಿಸುತ್ತಿದ್ದೆ. ಒಂದು ದಿನ ಬಾಯಿ ಬಿಟ್ಟೆ. ಮರುದಿನ ಸಂಜೆ ಐದೂವರೆಗೆ ಅವರು ನಮ್ಮ ಹೋಟೆಲಿಗೇ ಬಂದು ಕೂತರು. ಚಹಾ ತರಿಸಿ ಕುಡಿದರು. ಆಮೇಲೆ ಗಲ್ಲಾದ ಹತ್ತಿರ ಹೋಗಿ ಧಣಿಗಳಿಗೆ ಹೇಳಿದರು: 'ಈ ಹುಡುಗನನ್ನು ಆರು ಗಂಟೆಗೆ ಬಿಡಿ. ಬೆಳಿಗ್ಗೆ ಒಂದು ಗಂಟೆ ಮುಂಚೆ ಕೆಲಸಕ್ಕೆ ಹಚ್ಚಿಕೊಳ್ಳಿ.' ಧಣಿಗಳು ಬೈದರೋ ಒಪ್ಪಿದರೋ ನನಗೆ ಕೇಳಿಸಲಿಲ್ಲ. ಆದರೆ ಅವತ್ತಿನಿಂದ ಆರಕ್ಕೆ ಬಿಟ್ಟರು. ಚಹಾದ ದುಡ್ಡನ್ನೂ ತಗೊಳ್ಳಲಿಲ್ಲ.

ಮೂರು ಸಿಎಲ್ ಕೊಟ್ಟು ಸುಮ್ಮನಿದ್ದಿದ್ದರೆ ನಾನು ನಾಲ್ಕನೇ ದಿನ ಮತ್ತೆ ಏಳೂಕಾಲಿಗೆ ಹೋಗುತ್ತಿದ್ದೆ.

ನಾನು ಮೇಷ್ಟ್ರಾದದ್ದು 1979ರಲ್ಲಿ, ಪರೇಲ್ ಕಡೆಯ ಒಂದು ಕಾಲೇಜಿನಲ್ಲಿ. ಮಕ್ಕಳೆಲ್ಲ ಲಾಲ್‌ಬಾಗ್, ಕಾಳಾಚೌಕಿ, ಡಿಲೈಲ್ ರೋಡ್ ಚಾಳುಗಳವರು. ಅಪ್ಪ ಮಿಲ್ಲಿನಲ್ಲಿ, ಮಗ ಕಾಲೇಜಿನಲ್ಲಿ. 1982ರ ಜನವರಿ 18ಕ್ಕೆ ಮಿಲ್ ಮುಷ್ಕರ ಶುರುವಾಯಿತು. ಸುಮಾರು ಎರಡೂವರೆ ಲಕ್ಷ ಕೆಲಸಗಾರರು. ಒಂದು ತಿಂಗಳಲ್ಲಿ ಮುಗಿಯುತ್ತದೆ ಅಂದುಕೊಂಡೆವು. ಮಾರ್ಚ್ ಬಂತು. ನಾನು ಹಾಜರಿ ಕೂಗುತ್ತಿದ್ದರೆ ಸಾಲಾಗಿ ನಾಲ್ಕೈದು ಹೆಸರಿಗೆ ಯಾರೂ 'ಯೆಸ್ ಸರ್' ಅನ್ನುತ್ತಿರಲಿಲ್ಲ. ಹೆಸರು ಹೊಡೆದು ಹಾಕಿ ಅಂತ ಮೇಲಿನಿಂದ ಮಾತು ಬಂತು.

ಒಂದು ಭಾನುವಾರ ರಿಜಿಸ್ಟರ್ ಕಂಕುಳಲ್ಲಿಟ್ಟುಕೊಂಡು ಚಾಳುಗಳಿಗೆ ಹೋದೆ. ನನ್ನದೇನು ದೊಡ್ಡ ಮನಸ್ಸಲ್ಲ, ಮದುವೆ ಆಗಿರಲಿಲ್ಲ, ಭಾನುವಾರ ಬೇರೆ ಕೆಲಸ ಇರಲಿಲ್ಲ. ಒಬ್ಬ ಹುಡುಗ ಗಣೇಶ್ ಗಲ್ಲಿಯ ಹತ್ತಿರ ಈರುಳ್ಳಿ ಮಾರುತ್ತಿದ್ದ. ನನ್ನನ್ನು ನೋಡಿ ತಕ್ಕಡಿ ಕೆಳಗಿಟ್ಟ. ಒಬ್ಬನ ಮನೆಗೆ ಬೀಗ, ಎಲ್ಲರೂ ಸಾವಂತವಾಡಿಗೆ ಹೋಗಿದ್ದರು. ಇನ್ನೊಬ್ಬನ ಅಮ್ಮ, ಮಗ ಕಾಲೇಜಿಗೆ ಹೋಗಿದ್ದಾನೆ ಅಂದರು. ಭಾನುವಾರ! ಅವನು ಎಲ್ಲಿಗೆ ಹೋಗುತ್ತಿದ್ದ ಅಂತ ನಾನು ಹೇಳಲಿಲ್ಲ, ಅವರು ಕೇಳಲಿಲ್ಲ.

ಹದಿನೇಳು ಹೆಸರು ಇಟ್ಟುಕೊಂಡು ಹೋಗಿದ್ದೆ. ಈರುಳ್ಳಿಯವನು ಮತ್ತು ಇನ್ನೂ ಐದು ಜನ ವಾಪಸ್ ಬಂದರು. ನೋಟ್ಸನ್ನು ಸೈಕ್ಲೋಸ್ಟೈಲ್ ಮಾಡಿಸಿ ಕೊಟ್ಟೆ. ಹನ್ನೊಂದು ಜನ ಬರಲಿಲ್ಲ. ಆ ಮುಷ್ಕರ ಮುಗಿಯಿತು ಅಂತ ಯಾರೂ ಹೇಳಲೇ ಇಲ್ಲ, ಹಾಗೇ ಕರಗಿ ಹೋಯಿತು. ಆ ಹನ್ನೊಂದು ಜನರೂ ಹಾಗೇ.

ಕಾರಣ ಕೇಳಿ, ತಾಯಿ. ಪುರಾವೆ ಕೇಳಬೇಡಿ, ಅಷ್ಟೇ. ಮತ್ತೆ ಅವನು ಕನ್ನಡದವನು ಅಂತ ಬಿಟ್ಟೆನಾ ಅಂತ ಕೇಳಿದ್ದೀರಿ. ಬಿಟ್ಟಿರಬಹುದು. ಒಪ್ಪಿಕೊಂಡುಬಿಡಿ. ಉಳಿದ ಮೂವತ್ತು ಜನರ ಹತ್ತಿರ ಅವರವರ ಭಾಷೆಯಲ್ಲಿ ಹೋಗಿ ಕೇಳಿದರೆ ಸರಿಹೋಗುತ್ತದೆ.


ಪುಣೆ ಜರ್ನಲ್ ಸರ್

ಹಿರಿಯರಿಗೆ ನಮಸ್ಕಾರ. ನಿಮ್ಮ ಮಾತಿಗೆ ಎದುರು ಹೇಳಲು ಮನಸ್ಸಿಲ್ಲ, ಆದರೂ ಹೇಳುತ್ತೇನೆ. ನನಗೆ ನಾಲ್ಕು ಡಿವಿಷನ್, 270 ಮಕ್ಕಳು. ಎಲ್ಲರ ಕಾರಣ ಕೇಳಲು ಕೂತರೆ ಚೆನ್ನಾಗಿ ಮಾತಾಡುವವನು ಗೆಲ್ಲುತ್ತಾನೆ, ಬಾಯಿಲ್ಲದವನು ಸೋಲುತ್ತಾನೆ. ನೀವು ಬಾಯಿ ಬಿಟ್ಟ ದಿನ ತನಕ ಎಷ್ಟು ತಿಂಗಳು ತಲೆ ತಗ್ಗಿಸಿದ್ರಿ? ಬಾಯಿ ಬಿಡದವರಿಗಾಗಿಯೇ ನನ್ನ ಮೂರು ದಿನ.


ಮಾಟುಂಗಾ ಹಳೇ ಮೇಷ್ಟ್ರು

ಏಳು ತಿಂಗಳು. ನೀವು ಹೇಳಿದ್ದೂ ಹೌದು. ನನ್ನ ಕ್ಲಾಸಿನಲ್ಲಿ 60 ಜನ ಇರುತ್ತಿದ್ದರು, 270 ಅಲ್ಲ.


ಡೊಂಬಿವಲಿ ಅಕೌಂಟ್ಸ್ ಟೀಚರ್

ಎಲ್ಲರಿಗೂ ಥ್ಯಾಂಕ್ಸ್. ಹತ್ತು ದಿನ ಆದ ಮೇಲೆ ಬರೆಯುತ್ತಿದ್ದೇನೆ, ಏನಾಯಿತು ಅಂತ ಹೇಳಬೇಕಲ್ಲ.

ಮೊದಲು ಕ್ಲಾಸಿನಲ್ಲಿ ನಿಂತು ನಾನು ತಪ್ಪು ಮಾಡಿದೆ ಅಂತ ಹೇಳಿದೆ. ಒಬ್ಬರದ್ದು ತಡವಾಗಿ ತಗೊಂಡಿದ್ದೇನೆ, ಹಾಗಾಗಿ ಎಲ್ಲರಿಗೂ ನಾಲ್ಕು ದಿನ ಕೊಡುತ್ತೇನೆ ಅಂದೆ. ಕೊಟ್ಟಿಲ್ಲದವರು ಕೊಡಬಹುದು, ಕೊಟ್ಟವರು ವಾಪಸ್ ತಗೊಂಡು ತಿದ್ದಿ ಕೊಡಬಹುದು. ಯಾರದ್ದು ಅಂತ ಹೆಸರು ಹೇಳಲಿಲ್ಲ, ಆದರೆ ಎಲ್ಲರಿಗೂ ಗೊತ್ತಿತ್ತು. ಟಿಟ್ವಾಲಾದ ಹುಡುಗಿ ತನ್ನದನ್ನು ಅವತ್ತೇ ಎತ್ತಿಕೊಂಡು ಹೋದಳು. ವಾಪಸ್ ಬಂದಾಗ 16 ಬಂತು. 'ಇನ್ನೊಂದು ಎಲ್ಲಿ ಹೋಯಿತು ಮಿಸ್' ಅಂತ ಕೇಳಿದಳು. ಕ್ಲೋಸಿಂಗ್ ಸ್ಟಾಕ್ (ಕೊನೆಗೆ ಉಳಿದ ಸರಕಿನ ಲೆಕ್ಕ) ತಪ್ಪಿತ್ತು, ತೋರಿಸಿದೆ.

ಉಳಿದ 30ರಲ್ಲಿ 18 ಬಂದವು. ಮೀರಾ ರೋಡ್‌ನವರೇ, ನಿಮ್ಮ ಮಾತು ನಿಜ. ಆರು ಜನರದ್ದು ಶುಕ್ರವಾರದ ತಾರೀಖಿನಲ್ಲೇ ಬರೆದು ಮುಗಿದಿತ್ತು, ಬ್ಯಾಗಿನಲ್ಲೇ ಇತ್ತು.

ಹೋಟೆಲಿನ ಹುಡುಗನ ಹತ್ತಿರ ಕೂತು ಮಾತಾಡಿದೆ. ಹೆಸರು ಲಿಸ್ಟಿನಲ್ಲಿ ಕೊಟ್ಟಿದ್ದೇನೆ, ಅರ್ಜಿಯನ್ನೂ ಬರೆಸಿದ್ದೇನೆ. ಹೋಟೆಲಿನವರು ಪತ್ರ ಕೊಡಲು ಮೊದಲು ಹಿಂದೆ ಮುಂದೆ ನೋಡಿದರು. ಮೇಷ್ಟ್ರೇ, ನಿಮ್ಮ ಹೆಡ್‌ಮೇಷ್ಟ್ರ ಹಾಗೆ ಹೋಗಿ ಚಹಾ ಕುಡಿಯಲು ನನಗೆ ಧೈರ್ಯ ಆಗಲಿಲ್ಲ, ಫೋನ್ ಮಾಡಿದೆ. ಪತ್ರ ಕೊಟ್ಟಿದ್ದಾರೆ. ರಾತ್ರಿ ಪಾಳಿಯಿಂದ ಮಧ್ಯಾಹ್ನಕ್ಕೆ ಹಾಕಿ ಅಂದದ್ದಕ್ಕೆ 'ನೋಡೋಣ' ಅಂದರು. ಪ್ರಿನ್ಸಿಪಾಲರ ಮೀಟಿಂಗ್ ಇನ್ನೂ ಆಗಿಲ್ಲ.

ಮುಂದಿನ ಸೆಮಿಸ್ಟರ್‌ಗೆ ಪುಣೆ ಸರ್ ಅವರ ಮೂರು ಸಿಎಲ್ ತರುತ್ತೇನೆ. ಮೂರನೇ ವಾರ ಅಂಗಡಿಯ ಹೆಸರು. ಸರ್, ಸಿಎಲ್ ಲೆಕ್ಕ ಇಡುವ ಎಕ್ಸೆಲ್ ಶೀಟ್ ಏನಾದರೂ ನಿಮ್ಮ ಹತ್ತಿರ ಇದ್ದರೆ ದಯವಿಟ್ಟು ಕಳಿಸಿ.

12 ಪ್ರಾಜೆಕ್ಟ್ ಬರಲೇ ಇಲ್ಲ. ಆ ಹನ್ನೆರಡರಲ್ಲಿ ಏಳು ಮಕ್ಕಳ ಮುಖವೇ ನನಗೆ ಗೊತ್ತಿಲ್ಲ. ಆಫೀಸಿನಿಂದ ನಂಬರ್ ತಗೊಂಡಿದ್ದೇನೆ. ಇವತ್ತು ಎರಡು ಮಾಡಿದೆ. ಒಂದು ಸ್ವಿಚ್ ಆಫ್. ಇನ್ನೊಂದನ್ನು ಅವಳ ಅಣ್ಣ ಎತ್ತಿದ. ಅವಳು ಕಲ್ವಾದ ಆಸ್ಪತ್ರೆಯಲ್ಲಿ ಅಮ್ಮನ ಹತ್ತಿರ ಇದ್ದಾಳಂತೆ, ಜುಲೈನಿಂದ. ಕಾಲೇಜಿನಿಂದ ಮಾತಾಡ್ತಿದ್ದೇನೆ ಅಂದದ್ದಕ್ಕೆ ಅವನು ಮೊದಲು ಕೇಳಿದ್ದು, 'ಫೀ ಬಾಕಿ ಇದೆಯಾ ಮೇಡಂ?' ಅಂತ.

ನಾಳೆ ಇನ್ನು ಐದು.